ನೆಲದ ತಂಪನ್ನು ಮರಳಿ ತಿಳಿಸಿಕೊಟ್ಟವರಿಗೆ

ಕಳೆದ ಆಷಾಢದಿಂದ ಈ ಆಷಾಢದವರೆಗೆ ನನ್ನನ್ನೂ ನನ್ನ ಮನೆಯನ್ನೂ ಕೈಬಿಡದೆ ನೋಡಿಕೊಂಡ ಬಂಧುಗಳಿಗೆ, ನೆರೆಹೊರೆಯವರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ವೈದ್ಯರಿಗೆ ಮತ್ತು ಶುಶ್ರೂಷಕಿಯರಿಗೆ ಒಂದೇ ಕಡೆ ಕೃತಜ್ಞತೆ ಹೇಳಬೇಕೆಂಬುದು ಬಹಳ ದಿನಗಳ ಬಯಕೆ. ಇದನ್ನು ಬೇರೆಯವರ ಕೈಯಲ್ಲಿ ಬರೆಸುವ ಮನಸ್ಸಿರಲಿಲ್ಲ, ಆದ್ದರಿಂದ ಬೆರಳುಗಳಿಗೆ ಶಕ್ತಿ ಬರುವವರೆಗೆ ಕಾದೆ. ಕಳೆದ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೋಲಿನ ಆಸರೆಯಿಲ್ಲದೆ ನಡೆದು ಬಂದ ಮೇಲೆ ಇನ್ನು ತಡಮಾಡುವುದು ಸರಿಯಲ್ಲವೆನಿಸಿತು.

ನನಗೆ ಬಂದದ್ದು ಗಿಲಿಯನ್-ಬಾರೆ ಸಿಂಡ್ರೋಮ್, ವೈದ್ಯರ ಮಾತಿನಲ್ಲಿ ಚಿಕ್ಕದಾಗಿ ಜಿಬಿಎಸ್. ಹೊಟ್ಟೆ ಕೆಟ್ಟು ವಾಸಿಯಾದ ಕೆಲವು ದಿನಗಳಲ್ಲಿ ಪಾದಗಳು ಜುಮುಗುಟ್ಟತೊಡಗಿದವು, ಮರುದಿನ ಮೊಣಕಾಲು ನಿಲ್ಲಲಿಲ್ಲ, ಅದರ ಮರುದಿನ ಕೈಯೆತ್ತಿ ತಲೆ ಬಾಚಿಕೊಳ್ಳಲು ಆಗಲಿಲ್ಲ. ಸೋಂಕನ್ನು ಎದುರಿಸಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ನಮ್ಮ ನರಗಳ ಮೇಲೆ ಬೀಳುವ ಕಾಯಿಲೆ ಇದು. ಇದನ್ನು 1916ರಲ್ಲಿ ಫ್ರಾನ್ಸಿನ ವೈದ್ಯರು ವಿವರವಾಗಿ ದಾಖಲಿಸಿದ್ದರಿಂದ ಅವರ ಹೆಸರೇ ಅದಕ್ಕೆ ಉಳಿದಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳಾದ್ದರಿಂದ ಒಂದು ಮಾತನ್ನು ಇಲ್ಲಿ ಸೇರಿಸದಿರಲಾರೆ: ಕಾಲಿನಿಂದ ಮೇಲಕ್ಕೆ ಏರುತ್ತಾ ಬರುವ ಜೋಮು ಮತ್ತು ನಿಶ್ಶಕ್ತಿಯನ್ನು ಯಾರೂ ಆಯಾಸವೆಂದು ತಿಳಿದು ಮನೆಯಲ್ಲಿ ಕಳೆಯಬಾರದು. ಅದು ಎದೆಯ ಸ್ನಾಯುಗಳನ್ನು ತಲುಪಿದರೆ ಉಸಿರಾಟವೇ ನಿಲ್ಲಬಹುದು. ನನ್ನ ಮೈದುನ ಆ ಸಂಜೆಯೇ ಕಾರು ತಂದು ಆಸ್ಪತ್ರೆಗೆ ಸೇರಿಸಿದ್ದರಿಂದ ಇಂದು ಈ ಬರಹ ಸಾಧ್ಯವಾಗಿದೆ.

ನನ್ನ ಮೊದಲ ನಮಸ್ಕಾರ ನಾನು ಎಂದೂ ನೋಡದ, ನೋಡಲು ಸಾಧ್ಯವೂ ಇಲ್ಲದ ಜನರಿಗೆ. ಐದು ದಿನ ನನ್ನ ರಕ್ತನಾಳಕ್ಕೆ ಹನಿಹನಿಯಾಗಿ ಹರಿಸಿದ ಇಮ್ಯುನೊಗ್ಲೋಬ್ಯುಲಿನ್ ಎಂಬ ಔಷಧವನ್ನು ಯಾವ ರಾಸಾಯನಿಕದಿಂದಲೂ ತಯಾರಿಸಲು ಬರುವುದಿಲ್ಲ. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾವನ್ನು ಒಟ್ಟುಗೂಡಿಸಿ, ಶುದ್ಧಗೊಳಿಸಿ ಅದನ್ನು ಪಡೆಯುತ್ತಾರೆ. ಯಾವುದೋ ಕಾಲೇಜಿನ ರಕ್ತದಾನ ಶಿಬಿರದಲ್ಲಿ ತೋಳು ಚಾಚಿ, ಬಿಸ್ಕತ್ತು ತಿಂದು, ಆ ಸಂಗತಿಯನ್ನೇ ಮರೆತು ಮನೆಗೆ ಹೋದ ಹುಡುಗನೊಬ್ಬನ ಪಾಲೂ ಆ ಬಾಟಲಿಯಲ್ಲಿ ಇದ್ದಿರಬಹುದು. ಅವನಿಗೆ ನನ್ನ ಹೆಸರು ತಿಳಿಯದು, ನನಗೆ ಅವನದು. ಅವನು ಎಲ್ಲೇ ಇರಲಿ, ಚೆನ್ನಾಗಿರಲಿ.

ಆಸ್ಪತ್ರೆಯ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿನ ರಾತ್ರಿಪಾಳಿಯ ಶುಶ್ರೂಷಕಿಯೊಬ್ಬಳು ಒಂದು ಬೆಳಗಿನ ಜಾವ ತನ್ನ ಪಾಳಿ ಮುಗಿದ ಮೇಲೂ ನಿಂತು, ಸಹಾಯಕರೊಬ್ಬರನ್ನು ಕರೆದು, ನನ್ನ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ ಹೋದಳು. ಹೊರಗೆ ಒಂದು ಮಳೆಮರವಿತ್ತು. ಅದರೊಳಗೆ ಎಲ್ಲೋ ಕುಳಿತ ಕುಟ್ರುಹಕ್ಕಿ ಹೊತ್ತು ಮೂಡಿದಾಗಿನಿಂದ ಕೂಗುತ್ತಲೇ ಇರುತ್ತಿತ್ತು. ಕೈಕಾಲು ಆಡಿಸಲಾಗದೆ ಮಲಗಿದ್ದವಳಿಗೆ ಕಣ್ಣು ಕಿವಿಗಳು ಮಾತ್ರ ಪೂರ್ತಿಯಾಗಿ ಉಳಿದಿದ್ದವು. ಅವೆರಡಕ್ಕೂ ಕೆಲಸ ಕೊಟ್ಟ ಆ ಹುಡುಗಿಯ ಉಪಕಾರವನ್ನು ನಾನು ಔಷಧದ ಉಪಕಾರಕ್ಕಿಂತ ಕೆಳಗಿಡಲಾರೆ. ಕೆರೆಯ ಏರಿಯ ಮೇಲೆ ಪ್ರತಿದಿನ ನನ್ನೊಡನೆ ನಡೆಯುತ್ತಿದ್ದ ಗೆಳತಿಯರಿಗೆ ಈ ಸುದ್ದಿ ತಿಳಿದಾಗ, ಅವರು ಬೆಳಗಿನ ಹಕ್ಕಿಗಳ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸತೊಡಗಿದರು. ಬೇಗ ಹುಷಾರಾಗಿ ಎಂಬ ಮಾತುಗಳ ನಡುವೆ ನೀರುಕಾಗೆಗಳ ರೆಕ್ಕೆಬಡಿತವೂ, ಯಾರೋ ಚಪ್ಪಲಿ ಎಳೆಯುತ್ತಾ ನಡೆದುಹೋಗುವ ಸದ್ದೂ ಕೇಳಿಬರುತ್ತಿದ್ದವು.

ದಸರೆಯ ಹೊತ್ತಿಗೆ ಮನೆಗೆ ಬಂದೆ. ನರದ ಹೊದಿಕೆ ಮಾತ್ರ ಕೆಟ್ಟಿದ್ದರೆ ವಾರಗಳಲ್ಲಿ ಚೇತರಿಕೆ ಕಾಣುತ್ತದೆ, ಒಳಗಿನ ತಂತುವಿಗೇ ಪೆಟ್ಟಾಗಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ ಎಂದು ವೈದ್ಯರು ಹೇಳಿದ್ದರು. ನನ್ನದರಲ್ಲಿ ಎರಡೂ ಇದ್ದವು. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗಿನ ದೂರವನ್ನು ಲೆಕ್ಕಹಾಕಿದರೆ ಪಾದಗಳ ಸರದಿ ಎಲ್ಲಕ್ಕೂ ಕೊನೆಯಲ್ಲಿ ಬರುವುದು ಸಹಜವೇ. ಹಾಗಾಗಿ ನನ್ನ ಪಾಲಿಗೆ ಸುಖಗಳು ಒಂದು ಕ್ರಮದಲ್ಲಿ ಹಿಂದಿರುಗಿದವು: ಮೊದಲು ನಾಲಿಗೆ ಗಂಟಲಿಗೆ, ಆಮೇಲೆ ಬೆರಳಿಗೆ, ಕೊನೆಗೆ ಪಾದಕ್ಕೆ. ಆ ಒಂದೊಂದು ಹಂತದಲ್ಲೂ ಯಾರಾದರೊಬ್ಬರು ಏನನ್ನಾದರೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದಿನನಿತ್ಯದ ಸಣ್ಣಪುಟ್ಟ ಸಂತೋಷಗಳನ್ನು ನಾವು ನಾವಾಗಿಯೇ ಕಂಡುಕೊಳ್ಳುತ್ತೇವೆಂದು ಹೇಳುವುದುಂಟು. ಈ ಒಂದು ವರ್ಷದಲ್ಲಿ ನನಗೆ ದೊರೆತ ಸಂತೋಷಗಳಲ್ಲಿ ಯಾರೂ ತಂದುಕೊಡದೆ ತಾನಾಗಿ ಬಂದದ್ದು ಒಂದೂ ನೆನಪಾಗುವುದಿಲ್ಲ.

ಮಂಡ್ಯದಿಂದ ನನ್ನ ಓರಗಿತ್ತಿ ಬಂದು ತಿಂಗಳುಗಟ್ಟಲೆ ನಿಂತಳು. ನುಂಗುವುದು ಕಷ್ಟವಾಗಿದ್ದಾಗ ರಾಗಿ ಗಂಜಿಯನ್ನು ವೈದ್ಯರು ಹೇಳಿದ ಹದದಲ್ಲಿ ಕಾಯಿಸಿ, ಚಮಚದಲ್ಲಿ ಕುಡಿಸಿ, ಪ್ರತಿ ಗುಟುಕಿಗೂ ಕಾದಳು. ಗಂಟಲು ಸರಿಯಾಯಿತೆಂದು ವೈದ್ಯರು ಒಪ್ಪಿದ ದಿನ ಹುರುಳಿಕಾಳು ಬೇಯಿಸಿ ಬಸಿದು ಬಸ್ಸಾರು ಮಾಡಿ, ನೆಲ್ಲಿಕಾಯಿ ಗಾತ್ರದ ಮುದ್ದೆಯ ತುಣುಕನ್ನು ಅದರಲ್ಲಿ ಹೊರಳಿಸಿ ಬಾಯಿಗಿಟ್ಟಳು. ಬೆಳ್ಳುಳ್ಳಿ ಒಗ್ಗರಣೆಯ ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಅವಳಿಗೂ ಬಂತು. ಎಂದೂ ಅಡುಗೆಮನೆಗೆ ಕಾಲಿಡದಿದ್ದ ನಮ್ಮ ಯಜಮಾನರು ಅವಳಿಂದ ಫಿಲ್ಟರಿಗೆ ಪುಡಿ ಒತ್ತುವುದನ್ನು ಕಲಿತು, ಬೆಳಗಿನ ಕಾಫಿಯನ್ನು ತಮ್ಮ ಪಾಲಿನ ಕೆಲಸವಾಗಿ ಮಾಡಿಕೊಂಡರು. ಅದು ಇಂದಿಗೂ ಅವರದೇ ಆಗಿದೆ.

ಬೆರಳುಗಳ ವಿಷಯದಲ್ಲಿ ನಾನು ಇಬ್ಬರಿಗೆ ಋಣಿ. ಒಬ್ಬಳು ಫಿಸಿಯೋಥೆರಪಿಯ ಹುಡುಗಿ. ಇನ್ನೊಬ್ಬರು ಎದುರು ಮನೆಯ ಅಕ್ಕ. ರಬ್ಬರಿನ ಚೆಂಡನ್ನು ಒತ್ತಿ ಒತ್ತಿ ನನಗೆ ಬೇಸರವಾಗಿರುವುದನ್ನು ಕಂಡ ಅಕ್ಕ, ದೇವರಾಜ ಮಾರುಕಟ್ಟೆಯಿಂದ ಒಂದು ಪಾವು ಬಿಡಿ ಮಲ್ಲಿಗೆ ಮೊಗ್ಗು ತಂದು ತಟ್ಟೆಗೆ ಸುರಿದು, ನೆನೆಸಿದ ಬಾಳೆನಾರನ್ನು ನನ್ನ ಮಡಿಲಲ್ಲಿಟ್ಟು, "ಕಟ್ಟಿ ಮೇಡಂ, ಕೆಟ್ಟರೆ ಕೆಡಲಿ" ಎಂದರು. ಹೂ ಕಟ್ಟುವುದನ್ನು ನಾನು ಎಂಟನೆಯ ವಯಸ್ಸಿಗೇ ಕಲಿತಿದ್ದೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಎರಡು ಮೊಗ್ಗುಗಳನ್ನು ಆಚೆಗೆ ಮುಖವಾಗಿ, ಇನ್ನೆರಡನ್ನು ಈಚೆಗೆ ಮುಖವಾಗಿ ಹಿಡಿದು, ಬಲಗೈಯಿಂದ ನಾರನ್ನು ತೊಟ್ಟುಗಳ ಸುತ್ತ ತಂದು, ಕುಣಿಕೆ ಮಾಡಿ, ಮೊಗ್ಗಿಗೆ ನೋವಾಗದಷ್ಟು ಬಿಗಿಯಬೇಕು. ನೋಡಲು ಸುಲಭವಾಗಿರುವ ಈ ಕೆಲಸದಲ್ಲಿ ಹತ್ತು ಬೆರಳುಗಳಿಗೂ ಬೇರೆಬೇರೆ ಪಾತ್ರವಿದೆ, ಮತ್ತು ಪ್ರತಿ ಬೆರಳಿಗೂ ತಾನು ಎಷ್ಟು ಒತ್ತುತ್ತಿದ್ದೇನೆಂಬ ಅರಿವಿರಬೇಕು. ಮೊದಲ ವಾರಗಳಲ್ಲಿ ಮೊಗ್ಗುಗಳು ಜಾರಿ ಮಡಿಲೆಲ್ಲ ಬಿದ್ದವು, ಇಲ್ಲವೇ ಕುಣಿಕೆ ಬಿಗಿದು ತೊಟ್ಟು ಕತ್ತರಿಸಿಹೋಯಿತು. ಅಕ್ಕ ಒಂದು ದಿನವೂ ನನ್ನ ಕೈಯಿಂದ ನಾರನ್ನು ತೆಗೆದುಕೊಳ್ಳಲಿಲ್ಲ, ತಿದ್ದಲೂ ಇಲ್ಲ. ಪಕ್ಕದಲ್ಲಿ ಕುಳಿತು ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಿದ್ದರು. ಸಂಕ್ರಾಂತಿಯ ಹಿಂದಿನ ಸಂಜೆ ಗೇಣುದ್ದದ ದಂಡೆಯೊಂದು ಬಿಚ್ಚಿಹೋಗದೆ ನಿಂತಾಗ, ಅದನ್ನು ದೇವರ ಮುಂದಿಡಲು ಯಜಮಾನರು ಕೈನೀಡಿದರು. ಇದು ಮೊದಲು ಅಕ್ಕನ ತಲೆಗೆ ಎಂದು ನಾನೇ ಹಟಹಿಡಿದೆ.

ಆ ಹಬ್ಬದಲ್ಲಿ ಎಳ್ಳು ಬೀರಲು ಬಂದ ಬೀದಿಯ ಮಕ್ಕಳು ನನ್ನ ಮಂಚದ ಸುತ್ತ ಕುಳಿತು ಸಕ್ಕರೆ ಅಚ್ಚುಗಳನ್ನು ಸಾಲಾಗಿ ಜೋಡಿಸಿ ತೋರಿಸಿದರು. ಅವರಿಗೂ ಅವರನ್ನು ಕಳುಹಿಸಿದ ತಾಯಂದಿರಿಗೂ ನನ್ನ ಪ್ರೀತಿ.

ಶಿವರಾತ್ರಿ ಕಳೆದ ಮೇಲೆ ಸೋದರಮಾವ ಬಂದು ನನ್ನನ್ನು ತಾಯಿಯ ತವರೂರಾದ ಕೊಕ್ಕರೆಬೆಳ್ಳೂರಿಗೆ ಕರೆದೊಯ್ದರು. ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಹತ್ತಿರವಿರುವ ಈ ಊರಿನ ಹೆಸರು ಅನೇಕರಿಗೆ ಗೊತ್ತಿರುತ್ತದೆ. ಪ್ರತಿ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಬಂದು ಮನೆಗಳ ನಡುವಿನ ಹುಣಸೆ, ಅರಳಿ, ಆಲದ ಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂತೆ ಎನ್ನುವ ಊರಿನವರು, ಗೂಡಿರುವ ಕಾಲದಲ್ಲಿ ತಮ್ಮ ಮರದ ಹುಣಸೆಹಣ್ಣನ್ನು ಬಿಟ್ಟುಕೊಟ್ಟವರಿದ್ದಾರೆ. ಹಕ್ಕಿಯ ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಒಳ್ಳೆಯ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗವೂ ಅಲ್ಲಿದೆ, ಮತ್ತು 2007ರಲ್ಲಿ ಸರ್ಕಾರ ಈ ಪ್ರದೇಶವನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಇವೆಲ್ಲ ನನಗೆ ಬಾಲ್ಯದಿಂದ ಕೇಳಿ ತಿಳಿದ ಸಂಗತಿಗಳು. ಆದರೆ ಹುಣಸೆಮರದ ಎದುರಿನ ಜಗಲಿಯ ಮೇಲೆ ಕುಳಿತು, ಎಲ್ಲಿಗೂ ಏಳಬೇಕಾದ ಅವಸರವಿಲ್ಲದೆ, ಒಂದೇ ಗೂಡನ್ನು ದಿನಗಟ್ಟಲೆ ನೋಡುವ ಭಾಗ್ಯ ಈ ವರ್ಷ ದೊರೆಯಿತು.

ಹೆಜ್ಜಾರ್ಲೆಯ ಮರಿ ಮೊದಮೊದಲು ಚೆಲುವಾಗಿರುವುದಿಲ್ಲ. ಪುಕ್ಕವಿಲ್ಲದ ಮೈ, ನಿಲ್ಲಲಾರದ ಕತ್ತು. ತಾಯಿಯೋ ತಂದೆಯೋ ದೂರದ ನೀರಿನಿಂದ ಮೀನು ತುಂಬಿಕೊಂಡು ಬಂದು ಗೂಡಿನ ಅಂಚಿಗೆ ಇಳಿದೊಡನೆ ದೊಡ್ಡ ಮರಿಗಳು ತಮ್ಮ ತಲೆಯನ್ನೇ ಪೂರ್ತಿಯಾಗಿ ಹಿರಿಯ ಹಕ್ಕಿಯ ಕೊಕ್ಕಿನ ಚೀಲದೊಳಗೆ ತೂರಿಸಿ ಉಣ್ಣುತ್ತವೆ. ಹೊರಗೆ ಕಾಣುವುದು ನಡುಗುವ ರೆಕ್ಕೆಗಳು ಮಾತ್ರ. ನಾನು ಗೋಡೆ ಹಿಡಿದು ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದ ಆ ವಾರಗಳಲ್ಲಿ ಅವು ಕೊಂಬೆಯ ಮೇಲೆ ನಿಂತು ರೆಕ್ಕೆ ಬಡಿದು ನೋಡುತ್ತಿದ್ದವು. ಮಾವನ ಮೊಮ್ಮಗಳು ಪ್ರತಿ ಸಂಜೆ ನನ್ನ ಲೆಕ್ಕವನ್ನೂ ಮರಿಗಳ ಲೆಕ್ಕವನ್ನೂ ಒಟ್ಟಿಗೆ ಮನೆಯವರಿಗೆ ಒಪ್ಪಿಸುತ್ತಿದ್ದಳು.

ಅಲ್ಲೇ ಒಂದು ಬೆಳಿಗ್ಗೆ, ಜಗಲಿಯಿಂದ ಕಾಲು ಇಳಿಬಿಟ್ಟು ಮೆಟ್ಟಿಲಿನ ಚಪ್ಪಡಿಯ ಮೇಲೆ ಊರಿದಾಗ, ಎಡಗಾಲಿನ ಅಂಗಾಲಿಗೆ ಕಲ್ಲು ತಣ್ಣಗಿರುವುದು ತಿಳಿಯಿತು. ಅದಕ್ಕೆ ಮೊದಲು ಪಾದಗಳು ನೆಲ ಮುಟ್ಟಿವೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿಯೇ ಖಚಿತಪಡಿಸಿಕೊಳ್ಳಬೇಕಿತ್ತು. ಕಾಲನ್ನು ಎತ್ತಿ ಬಿಸಿಲು ಬಿದ್ದ ಕಡೆ ಇಟ್ಟೆ, ಮತ್ತೆ ನೆರಳಿಗೆ ತಂದೆ. ಎರಡೂ ಬೇರೆಬೇರೆಯೇ. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಅತ್ತೆಯನ್ನು ಕೂಗಿ, "ಅತ್ತೆ, ಕಲ್ಲು ತಣ್ಣಗಿದೆ" ಎಂದೆ. ಅವರು ಚೊಂಬನ್ನು ಕೆಳಗಿಟ್ಟು ಬಂದು, ನನ್ನ ಪಾದವನ್ನು ಎರಡೂ ಕೈಗಳಲ್ಲಿ ಹಿಡಿದು, "ಅದ್ಯಾವಾಗ್ಲೂ ತಣ್ಣಗೇ ಇರ್ತದೆ ಕಣವ್ವ, ನಿನ್ ಕಾಲ್ಗೆ ಈಗ ಗೊತ್ತಾಯ್ತಾದೆ" ಎಂದರು. ನನ್ನ ಜೀವನದ ದೊಡ್ಡ ಸಂತೋಷಗಳು ಯಾವುವೆಂದು ಯಾರಾದರೂ ಕೇಳಿದರೆ ಮಕ್ಕಳು ಹುಟ್ಟಿದ ದಿನಗಳ ಜೊತೆಗೆ ಈ ಬೆಳಗನ್ನೂ ಹೇಳುತ್ತೇನೆ.

ಯುಗಾದಿಗೆ ಮೈಸೂರಿಗೆ ಮರಳಿದ ಮೇಲೆ ಆಟೊ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವ್ಯಾಯಾಮಕ್ಕೆ ಕರೆದೊಯ್ದು ಹಿಂತಿರುಗುವಾಗಲೆಲ್ಲ ಕೆರೆಯ ದಾರಿಯಾಗಿಯೇ ಬರುತ್ತಿದ್ದ. ಗೇಟಿನ ಬಳಿ ನಿಲ್ಲಿಸಿ, ತೋಳುಕೊಟ್ಟು ಇಳಿಸಿ, "ಇವತ್ತು ಆ ಬೆಂಚಿನವರೆಗೆ ಮೇಡಂ" ಎನ್ನುವನು. ಒಂದೊಂದು ವಾರಕ್ಕೆ ಒಂದೊಂದು ಬೆಂಚು ಮುಂದೆ ಹೋಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆಯನ್ನು ಕಾಪಾಡಿಕೊಂಡು ಬಂದಿರುವ ಮೈಸೂರು ವಿಶ್ವವಿದ್ಯಾನಿಲಯಕ್ಕೂ, ಅದರ ನೀರು ಕೆಟ್ಟಾಗಲೆಲ್ಲ ದನಿಯೆತ್ತಿದ ಊರಿನ ನಾಗರಿಕರಿಗೂ ನನ್ನಂಥ ರೋಗಿಗಳ ಪರವಾಗಿ ವಂದನೆ ಸಲ್ಲಬೇಕು. ಊರ ನಡುವೆ ಮರದ ನೆರಳಿರುವ ಮಣ್ಣಿನ ದಾರಿಯೊಂದು ಉಳಿದಿರದಿದ್ದರೆ ನಾನು ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆಯೇ ನಡಿಗೆ ಕಲಿಯಬೇಕಾಗಿತ್ತು. ಮಣ್ಣಿನ ದಾರಿ ಸಮತಟ್ಟಾಗಿರುವುದಿಲ್ಲ. ಬೇರು, ಕಲ್ಲು, ಒಣಗಿದ ಎಲೆ ಎಲ್ಲವನ್ನೂ ಪಾದ ತಾನೇ ಗುರುತಿಸಿ ತೂಕ ಹಂಚಿಕೊಳ್ಳಬೇಕಾಗುತ್ತದೆ, ಮತ್ತು ಚೇತರಿಸಿಕೊಳ್ಳುವ ನರಗಳಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲವೆಂದು ಫಿಸಿಯೋಥೆರಪಿಯ ಹುಡುಗಿಯೂ ಒಪ್ಪಿದಳು.

ಬಲಗಾಲಿನ ಮೂರು ಬೆರಳುಗಳಲ್ಲಿ ಇನ್ನೂ ಜೋಮಿದೆ, ಸಂಜೆಯಾದರೆ ಆಯಾಸವಾಗುತ್ತದೆ. ಅದು ಕಡಿಮೆಯಾಗಬಹುದು, ಉಳಿದೂ ಹೋಗಬಹುದು. ಇದೇ ಕಾಯಿಲೆಯಿಂದ ಮಲಗಿರುವವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ರೋಗಿಯ ಕಿವಿಗೆ ಒಂದು ದನಿ, ಮೂಗಿಗೆ ಒಂದು ಹೂವು, ಕಣ್ಣಿಗೆ ಒಂದು ಮರ ಸಿಗುವಂತೆ ನೋಡಿಕೊಳ್ಳಿ. ಮಾತಾಡಬೇಕೆನಿಸಿದರೆ ಪರಿಚಿತರ ಮೂಲಕ ಹೇಳಿಕಳುಹಿಸಿ, ನಾನು ಖಂಡಿತ ಬರುತ್ತೇನೆ.

ಶ್ರಾವಣದ ಮೊದಲ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟವಿಟ್ಟುಕೊಂಡಿದ್ದೇವೆ. ಮೇಲೆ ನೆನೆದವರೆಲ್ಲರೂ, ನೆನೆಯಲು ಜಾಗ ಸಾಲದವರೂ ದಯವಿಟ್ಟು ಮಕ್ಕಳೊಡನೆ ಬರಬೇಕು. ಹುರುಳಿಕಾಳಿನ ಬಸ್ಸಾರು ಮತ್ತು ಮುದ್ದೆಯ ಅಡುಗೆ, ಓರಗಿತ್ತಿಯ ಕೈರುಚಿ. ಎಲೆಗೆ ಬಡಿಸುವ ಕೆಲಸವನ್ನು ಈ ಬಾರಿ ನನಗೇ ಬಿಟ್ಟುಕೊಡಬೇಕೆಂದು ಮನೆಯವರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.