ಹರ್ಮೀಸ್ ಸ್ತುತಿಗಳ ಓದು: ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಪ್ರಾಚೀನ ಗ್ರೀಕರ ದೇವರಾದ ಹರ್ಮೀಸನನ್ನು ಕುರಿತು ಇಂದಿನ ಭಕ್ತರು ಬರೆಯುತ್ತಿರುವ ಸ್ತುತಿಗಳನ್ನು ಈ ವಾರ ಓದಲಿದ್ದೇವೆ. ಹಳೆಯ ದೇವರುಗಳ ಈ ಆರಾಧನೆಗೆ ಗ್ರೀಸ್ 2017ರಲ್ಲಿ ಅಧಿಕೃತ ಮಾನ್ಯತೆ ನೀಡಿದೆ. ಆದ್ದರಿಂದ ಇವನ್ನು ಪುರಾಣದ ಅನುಕರಣೆಯೆಂದು ಬದಿಗಿಡದೆ, ಜೀವಂತ ಭಕ್ತಿಯೆಂದೇ ಓದಬೇಕೆಂದು ವಿನಂತಿಸುತ್ತೇನೆ.

ಓದಿಗೆ ಮುನ್ನ ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಹರ್ಮೀಸ್ ಸ್ತೋತ್ರವನ್ನು ದಯವಿಟ್ಟು ನೋಡಿಕೊಂಡಿರಿ. ಮುಂಜಾವದಲ್ಲಿ ಹುಟ್ಟಿದ ಕೂಸು, ನಡುಹಗಲಿಗೆ ಆಮೆಯ ಚಿಪ್ಪಿಗೆ ಕುರಿಗರುಳಿನ ಏಳು ತಂತಿಗಳನ್ನು ಬಿಗಿದು ನುಡಿಸಿ, ಸಂಜೆಗೆ ಅಣ್ಣ ಅಪೋಲೋನ ದನಗಳನ್ನು ಕದ್ದು, ಹೆಜ್ಜೆಗುರುತು ತಿಳಿಯದಂತೆ ಅವನ್ನು ಹಿಮ್ಮುಖವಾಗಿ ನಡೆಸಿದ ಆ ಕಥೆಯ ಪರಿಚಯವಿಲ್ಲದಿದ್ದರೆ, ಹೊಸ ಕವಿಗಳು ಅವನನ್ನು ಕಳ್ಳನೆಂದು ಅಕ್ಕರೆಯಿಂದ ಕರೆಯುವುದು ಅರ್ಥವಾಗದು. ‘ನಿನ್ನನ್ನೂ ನೆನೆವೆ, ಇನ್ನೊಂದು ಹಾಡನ್ನೂ ನೆನೆವೆ’ ಎಂಬ ಅದರ ಮುಕ್ತಾಯವನ್ನು ವಿಶೇಷವಾಗಿ ಗಮನಿಸಿರಿ. ನನಗಂತೂ ಅದು ಬಹಳ ಪ್ರಿಯವಾದ ಸಾಲು.