ಸೀಲ್ ಹಾಕಿಸಿಕೊಂಡು ಬಾ

ಸಾಗರ
ಭಾನುವಾರ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಆಗ ನನಗೆ ಸರಿಯಾಗಿ ಏನೂ ಹೇಳಲು ಆಗಲಿಲ್ಲ. ಪಕ್ಕದಲ್ಲಿ ನನ್ನ ಮಗ, ನಿನ್ನಣ್ಣ, ಟೀವಿ ಜೋರು ಮಾಡಿಕೊಂಡು ಕೂತಿದ್ದ. ಅವನಿಗೆ ಎಂಟು ಗಂಟೆಯ ವಾರ್ತೆ ತಪ್ಪುವ ಹಾಗಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಕಾಗದವಾದರೆ ನೀನು ಎರಡು ಸಲ ಓದಬಹುದು, ನಿನ್ನ ಗಂಡನಿಗೂ ತೋರಿಸಬಹುದು.

"ಒಂದನೇ ಕ್ಲಾಸಿಗೆ ಇವನನ್ನ ತಗೊಳ್ಳೋದು ಕಷ್ಟ, ಬೇರೆ ಮಕ್ಕಳ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಾರೆ, ನೀವೇ ಯೋಚನೆ ಮಾಡಿ" ಅಂದರಂತೆ ಹೆಡ್‌ಮಿಸ್, ಆಟಿಸಂ ಇರುವ ನಿನ್ನ ಮಗನ ಬಗ್ಗೆ. ನೀನು "ಸರಿ ಮೇಡಂ" ಅಂತ ಎದ್ದು ಬಂದೆಯಂತೆ. "ಸೀಟ್ ಕೊಡಲ್ಲ" ಅಂತ ಅವರು ಹೇಳಲೇ ಇಲ್ಲ ನೋಡು. ನೀವೇ ಯೋಚನೆ ಮಾಡಿ ಅಂದರು. ಆ ಜಾಣತನ ನನಗೆ ಚೆನ್ನಾಗಿ ಗೊತ್ತು.

1999ರಲ್ಲಿ ನಿನ್ನಣ್ಣ ಎರಡನೇ ಕ್ಲಾಸಿನಲ್ಲಿದ್ದ. ಒಂದು ದಿನ ನನ್ನನ್ನೂ ನಿನ್ನ ದೊಡ್ಡಪ್ಪನನ್ನೂ ಶಾಲೆಗೆ ಕರೆಸಿದರು. ಕೂರಿಸಿ ಟೀ ತರಿಸಿ ಕೊಟ್ಟರು. ಟೈಪ್ ಮಾಡಿದ ಒಂದು ಕಾಗದ ಮುಂದಿಟ್ಟು "ಸುಮ್ನೆ ಫಾರ್ಮಾಲಿಟಿ" ಅಂದರು. ಇಬ್ಬರೂ ಸಹಿ ಹಾಕಿದೆವು. ಮನೆಗೆ ಬಂದು ಕಾರ್ಬನ್ ಕಾಪಿ ಓದಿದರೆ, ನಮ್ಮ ಸ್ವಂತ ಇಚ್ಛೆಯಿಂದ ಮಗುವಿನ ಟಿಸಿ ಪಡೆಯುತ್ತಿದ್ದೇವೆ ಅಂತ ಇತ್ತು. ಆಮೇಲೆ ಆರು ವರ್ಷ ಅವನು ಮನೆಯಲ್ಲೇ ಉಳಿದ. ಅಂಗವಿಕಲ ಮಕ್ಕಳಿಗೆ 18 ವರ್ಷದವರೆಗೆ ಉಚಿತವಾಗಿ ಓದಿಸಬೇಕು ಎನ್ನುವ 1995ರ ಕಾಯ್ದೆ ಆಗಲೇ ಬಂದಿತ್ತು. ನಿನ್ನಣ್ಣನಿಗಿರುವ ಬುದ್ಧಿಮಾಂದ್ಯತೆಯೂ ಅದರ ಪಟ್ಟಿಯಲ್ಲಿತ್ತು. ನನಗೆ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಶಾಲೆಯವರ ಮೇಲಿದ್ದ ಸಿಟ್ಟು ಯಾವಾಗಲೋ ಹೋಯಿತು. ಅಲ್ಲಿ ಕೂತು ಆ ಟೀ ಕುಡಿದೆನಲ್ಲ, ಅದು ಮಾತ್ರ ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ.

ಅವರು ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ. ನೀನು ಉಲ್ಟಾ ಮಾಡು. ಕಾಗದ ನೀನು ಬರೆ, ಸಹಿ ಅವರು ಹಾಕಲಿ.

ದೊಡ್ಡದೇನೂ ಬೇಡ, ಅರ್ಧ ಪುಟ ಸಾಕು. ಮಗುವಿನ ಹೆಸರು, ಯುಕೆಜಿ ಅಂತ ಬರೆ. ಇಂಥ ದಿನ ನಾನು ತಮ್ಮನ್ನು ಭೇಟಿಯಾದಾಗ ತಾವು ಹೀಗೆ ಹೇಳಿದಿರಿ ಅಂತ ಬರೆ. ಪ್ರವೇಶ ಕೊಡಲು ಆಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ ಅಂತ ಕೇಳು. ಅಷ್ಟೇ. ಬೈಗುಳ ಬೇಡ, ಕಣ್ಣೀರೂ ಬೇಡ. ಎರಡು ಪ್ರತಿ ಮಾಡು. ಒಂದನ್ನು ಆಫೀಸಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸೀಲ್ ಹಾಕಿಸಿಕೊಂಡು ಬಾ. ಕ್ಲರ್ಕ್ "ಸೀಲ್ ಯಾಕಮ್ಮ, ನಾನು ಕೊಡ್ತೀನಿ ಬಿಡಿ" ಅನ್ನುತ್ತಾರೆ. ನಕ್ಕೊಂಡು ಅಲ್ಲೇ ನಿಂತಿರು. ತೀರಾ ಆಗಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಬಾಯಲ್ಲಿ ಸಲೀಸಾಗಿ "ಕಷ್ಟ" ಅನ್ನುವವರಿಗೆ ಅದನ್ನೇ ಲೆಟರ್‌ಹೆಡ್ ಮೇಲೆ ಬರೆಯಲು ಕೈ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ವಿಷಯ ಅಲ್ಲಿಗೇ ಮುಗಿದಿದ್ದನ್ನು ನಾನೇ ಕಂಡಿದ್ದೇನೆ.

ಯಾಕೆ ಬರೆಯಲು ಹೆದರುತ್ತಾರೆ ಅಂದರೆ, ಈಗಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ಏಳೇ ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ ಇಪ್ಪತ್ತೊಂದು. ನಿನ್ನ ಮಗನ ಆಟಿಸಂ ಈ ಪಟ್ಟಿಯಲ್ಲಿದೆ. 16ನೇ ಸೆಕ್ಷನ್ ಓದಿಕೋ. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು ಅನ್ನುವ ಮಾತು ಅಲ್ಲಿದೆ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಅದರಲ್ಲಿ ಸೇರುತ್ತದೆ. ಅಂಗವಿಕಲತೆ ಶೇಕಡಾ 40 ಅಥವಾ ಜಾಸ್ತಿ ಇದ್ದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕಾದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಅಂತ 31ನೇ ಸೆಕ್ಷನ್ ಹೇಳುತ್ತದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಬೇರೆಯವರ ಸಹಾಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 17ರಲ್ಲಿವೆ. ಅದು ದೂರದ ಮಾತು, ಈಗಲೇ ತಲೆ ಕೆಡಿಸಿಕೊಳ್ಳಬೇಡ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಇನ್ನೂ ಮಾಡಿಸಿಲ್ಲ ಅಂದೆ. "ಮಗನ ಮೇಲೆ ಮುದ್ರೆ ಒತ್ತಿದ ಹಾಗಾಗುತ್ತೆ" ಅಂತ ನಿನ್ನ ಅತ್ತೆ ಬೇಡ ಅಂತಾರಂತೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಾರ್ಡ್ ಇರಲಿ ಬಿಡಲಿ, ಊರು ಆಡುವುದನ್ನು ಆಡಿಯೇ ಆಡುತ್ತದೆ. ಕಾರ್ಡ್ ಇಲ್ಲದಿದ್ದರೆ ಸಿಗಬೇಕಾದ್ದು ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೆಂದೇ ಇರುವ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕು, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಕೊಟ್ಟ ರಿಪೋರ್ಟ್ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗು. ಮಧ್ಯದಲ್ಲಿ ಯಾರಾದರೂ "ನಾನು ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳಿದರೆ ಕೊಡಬೇಡ.

ಅಲ್ಲಿ ಒಂದು ವಿಷಯದಲ್ಲಿ ಹುಷಾರು. ಆಟಿಸಂಗೆ ನಲವತ್ತು ಅಂಶಗಳ ಒಂದು ಪಟ್ಟಿ ಇಟ್ಟುಕೊಂಡು ಕೇಳುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಬೇರೆ ಮಕ್ಕಳ ಜೊತೆ ಆಡುತ್ತಾನಾ, ಹೀಗೆ. ಅಮ್ಮಂದಿರಿಗೆ ಅಲ್ಲಿ ಮಗನನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. "ಮಾಡ್ತಾನೆ ಸಾರ್, ಚೆನ್ನಾಗೇ ಮಾಡ್ತಾನೆ" ಅಂದುಬಿಡುತ್ತಾರೆ. ಶೇಕಡಾ 40 ಮುಟ್ಟದೆ ಕಾರ್ಡ್ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಸುಳ್ಳು ಹೇಳು ಅಂತಿಲ್ಲ. ಅವನ ಒಳ್ಳೆಯ ದಿನ ಹೇಳಿದ ಹಾಗೆ ಕೆಟ್ಟ ದಿನವನ್ನೂ ಹೇಳು.

ಇನ್ನು ಶಾಲೆಯವರು ಹೇಳುವ "ಗಲಾಟೆ ಮಾಡ್ತಾನೆ, ಕೈ ಕಚ್ಚಿಕೊಳ್ತಾನೆ" ಅನ್ನುವುದು. ಇದಕ್ಕೆ ನೀನು ಉತ್ತರ ಕೊಡಲೇಬೇಕು, ಯಾಕೆಂದರೆ ಟೀಚರ್‌ಗೂ ಅದು ನಿಜವಾದ ಕಷ್ಟ. ದಸರೆಗೆ ನಿಮ್ಮ ಮನೆಯಲ್ಲಿ ಎಂಟು ದಿನ ಇದ್ದೆನಲ್ಲ, ಆಗ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚಿಟ್ಟು ಬಂದಿದ್ದೇನೆ, ತಿರುಗಿಸಿ ನೋಡು. ಅವನು ಕೈ ಕಚ್ಚಿಕೊಂಡಿದ್ದು ಹನ್ನೊಂದು ಸಲ. ಏಳು ಸಲ ಕುಕ್ಕರ್ ಕೂಗಿದಾಗ, ಮೂರು ಸಲ ಕಾಲಿಂಗ್ ಬೆಲ್ ಆದಾಗ. ಒಂದಕ್ಕೆ ಕಾರಣ ಸಿಗಲಿಲ್ಲ. ಬೋರ್‌ವೆಲ್ ಮೋಟರ್ ಗಂಟೆಗಟ್ಟಲೆ ಗುರ್ ಅಂದರೂ ಅವನಿಗೆ ಏನೂ ಆಗಲಿಲ್ಲ. ಅಂದರೆ ಶಬ್ದ ಅಲ್ಲ, ದಿಢೀರ್ ಶಬ್ದ. ಕೊನೆಯ ಎರಡು ದಿನ ನಾನು "ಈಗ ಕುಕ್ಕರ್ ಕೂಗುತ್ತೆ ಕಣೋ, ಒಂದು, ಎರಡು" ಅಂತ ಮೊದಲೇ ಹೇಳಿದೆ. ಅವನು ಕಿವಿ ಮುಚ್ಚಿಕೊಂಡು ಕಾದ. ಕೂಗಿ ಆದ ಮೇಲೆ ನನ್ನ ಮುಖ ನೋಡಿ "ಮೂರು" ಅಂದ!

ಶಾಲೆಯಲ್ಲಿ ಅವನ ಕ್ಲಾಸಿನ ಬಾಗಿಲ ಹತ್ತಿರವೇ ಬೆಲ್ ತೂಗುಹಾಕಿದ್ದಾರೆ ಅಂದಿದ್ದೆಯಲ್ಲ? ಹತ್ತು ದಿನ ಒಂದು ನೋಟ್‌ಬುಕ್ ಕಳಿಸು. ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಎಷ್ಟು ಹೊತ್ತಿಗೆ ಸರಿಹೋದ, ಇಷ್ಟೇ ಬರೆಯಲು ಆಯಾಗೆ ಹೇಳು. ಬೆಲ್ಲಿನ ಹೊತ್ತೂ ಕಚ್ಚಿಕೊಂಡ ಹೊತ್ತೂ ಒಂದೇ ಆಗಿದ್ದರೆ, ಅವನನ್ನು ಆಚೆ ಬದಿಯ ಬೆಂಚಿಗೆ ಕೂರಿಸಿ, ಬೆಲ್ ಹೊಡೆಯುವ ಮೊದಲು ಒಂದು ಮಾತು ಹೇಳಿ ಅಂತ ಕೇಳಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. "ನಮ್ಮಲ್ಲಿ ಸೌಲಭ್ಯ ಇಲ್ಲ" ಅಂತ ಹೇಳಲೂ ಬರುವುದಿಲ್ಲ.

ಟೀಚರ್ ಜೊತೆ ಮಾತ್ರ ಜಗಳ ಬೇಡ. ನಲವತ್ತು ಮಕ್ಕಳನ್ನು ಒಬ್ಬಳೇ ಸಂಭಾಳಿಸುವ ಹುಡುಗಿ ಅವಳು, ಇಂಥ ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಅವಳಿಗೂ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ನೀನು ಜಗಳ ಆಡಿ ಬಂದ ಮರುದಿನ ಮಗು ಅವಳ ಮುಂದೆಯೇ ಕೂರಬೇಕು. ಕಾಗದ ಹೆಡ್‌ಮಿಸ್‌ಗೆ, ನೋಟ್‌ಬುಕ್ ಟೀಚರ್‌ಗೆ. ಎರಡನ್ನೂ ಬೆರೆಸಬೇಡ.

ಆ ಶಾಲೆ ಬೇಡವೇ ಬೇಡ ಅನ್ನಿಸಿದರೆ ಮನೆ ಹತ್ತಿರದ ಸರ್ಕಾರಿ ಶಾಲೆ ನೋಡಿ ಬಾ. ಮೂಗು ಮುರಿಯಬೇಡ. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಆಫೀಸಿನವರನ್ನು ಕೇಳಿದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿ ತೋರಿಸುತ್ತಾರೆ. ಅಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ, ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು. ಒಂದು ತಾಲ್ಲೂಕಿಗೆಲ್ಲ ಬೆರಳೆಣಿಕೆಯ ಜನ, ಹಾಗಾಗಿ ದಿನಾ ಬರುತ್ತಾರೆ ಅಂತ ಕಾಯಬೇಡ, ಪರಿಚಯ ಮಾಡಿಕೊಂಡಿರು. "ಮನೆಯಲ್ಲೇ ಪಾಠ" ಅನ್ನುವ ಮಾತನ್ನು ಯಾರಾದರೂ ಎತ್ತಿದರೆ ಮಾತ್ರ ಒಪ್ಪಬೇಡ. ಅದು ಹಾಸಿಗೆ ಬಿಟ್ಟು ಏಳಲಾಗದಂಥ, ತೀವ್ರ ತೊಂದರೆಯ ಮಕ್ಕಳಿಗೆ, ಅದೂ ಬೇಕು ಅಂತ ಆರಿಸಿಕೊಂಡವರಿಗೆ. ಓಡಾಡುವ ಮಗುವನ್ನು ಮನೆಯಲ್ಲಿ ಕೂರಿಸಲು ಅಲ್ಲ. ಆರು ವರ್ಷ ಕೂರಿಸಿದವಳು ಹೇಳುತ್ತಿದ್ದೇನೆ.

ಶಾಲೆಯವರು ಕಾಗದಕ್ಕೆ ಉತ್ತರವನ್ನೂ ಕೊಡದೆ, ಸೀಟೂ ಕೊಡದೆ ಸತಾಯಿಸಿದರೆ ಬಿಇಒಗೆ ಬರೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ, ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕಳಿಸುವ ಅಧಿಕಾರ ಅವರಿಗಿದೆ. ಅಲ್ಲಿ ಮೊದಲು ಕೇಳುವುದೇ ಸೀಲ್ ಇರುವ ಆ ಪ್ರತಿಯನ್ನು.

ದುಡ್ಡಿನ ವಿಷಯ ಒಂದೇ ಮಾತು. ಇಂಥ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆ ಮಾಡಿಸು. ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ, ಥೆರಪಿಗೂ ಒಂದಿಷ್ಟು ಸಿಗುತ್ತದೆ. ರಿನ್ಯೂ ಮಾಡುವುದು ಮರೆಯಬೇಡ, ನಾನು ಒಂದು ವರ್ಷ ಮರೆತು ಒದ್ದಾಡಿದ್ದೇನೆ. ನಿನ್ನ ಗಂಡ ವಾಟ್ಸಾಪಿನಲ್ಲಿ ಕಳಿಸಿದ ಆ ಸ್ಟೆಮ್ ಸೆಲ್ ಜಾಹೀರಾತು ನೋಡಿದೆ. ಅದರಿಂದ ಆಟಿಸಂ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಷ್ಟು ಲಕ್ಷ ಇದ್ದರೆ ನಿನಗೊಬ್ಬಳು ಕೆಲಸದವಳನ್ನು ಇಡಲಿ, ನೀನು ರಾತ್ರಿ ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನ ಆಯಿತೋ.

ನಿನ್ನಣ್ಣನಿಗೆ ಕೊನೆಗೂ ಶಾಲೆ ಸಿಕ್ಕಾಗ ಹದಿನಾಲ್ಕು ತುಂಬಿತ್ತು. ಈಗ ಅಂಗಡಿಯಲ್ಲಿ ಚಿಲ್ಲರೆ ಎಣಿಸುತ್ತಾನೆ, ಬಸ್ಸಿನ ಬೋರ್ಡ್ ಓದುತ್ತಾನೆ. ಕನ್ನಡದಲ್ಲಿ ತನ್ನ ಹೆಸರು ಬರೆಯುತ್ತಾನೆ, ಒತ್ತಕ್ಷರ ಮಾತ್ರ ಪಕ್ಕಕ್ಕೆ ಓಡಿಹೋಗುತ್ತದೆ. ಹೋದ ವರ್ಷ ಜಿಲ್ಲಾಧಿಕಾರಿ ಕಚೇರಿಯ ಸಮಿತಿಯ ಮುಂದೆ ನಾವು ಅವನ ಕಾನೂನುಬದ್ಧ ಪೋಷಕರು, ಅಂದರೆ ಗಾರ್ಡಿಯನ್, ಅಂತ ಆದೇಶ ಮಾಡಿಸಿಕೊಂಡೆವು. ಅಲ್ಲೂ ನಾಲ್ಕು ಕಡೆ ಸಹಿ ಹಾಕುವುದಿತ್ತು. ಪೆನ್ನು ಕೈಯಲ್ಲಿ ಹಿಡಿದೇ ಪ್ರತಿ ಸಾಲನ್ನೂ ಜೋರಾಗಿ ಓದಿದೆ. ನಿನ್ನ ದೊಡ್ಡಪ್ಪ ಗಡಿಯಾರ ನೋಡುತ್ತಿದ್ದರು.

ಬುಧವಾರ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರುತ್ತಿದ್ದೇನೆ. ಕಾಗದದ ಕರಡು ಅಷ್ಟರೊಳಗೆ ಬರೆದಿಡು, ತಪ್ಪಾದರೂ ಪರವಾಗಿಲ್ಲ. ಗುರುವಾರ ಇಬ್ಬರೂ ಶಾಲೆಗೆ ಹೋಗೋಣ. ನಾನು ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ. ಅವರು ಟೀ ತರಿಸಿದರೆ ಬೇಡ ಅನ್ನು.

ನಿನ್ನ
ದೊಡ್ಡಮ್ಮ