ಪೊಲೀಸರ ಕ್ಷೇಮಾಭಿವೃದ್ಧಿ ಸಂಘಕ್ಕೆ ಪ್ರತಿ ತಾಲ್ಲೂಕಿನಲ್ಲಿ ಒಂದು ಕೋಣೆ ಕೊಡಿ

ಮಾನ್ಯ ಸಂಪಾದಕರೆ,

ಪ್ರತಿ ವರ್ಷ ಏಪ್ರಿಲ್ 2ರಂದು ರಾಜ್ಯದಲ್ಲಿ ಪೊಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ. ಅಂದು ಧ್ವಜ ಮಾರಿ ಬಂದ ಹಣ ಪೊಲೀಸ್ ಕಲ್ಯಾಣ ನಿಧಿಗೆ ಸೇರುತ್ತದೆ. ಆ ನಿಧಿಯಿಂದ ಎಷ್ಟೋ ಮನೆಗಳಿಗೆ ಆಸರೆಯಾಗಿದೆ ಎಂಬುದನ್ನು ಪೊಲೀಸ್ ವಸತಿಗೃಹದಲ್ಲಿ ಇಪ್ಪತ್ತು ವರ್ಷ ಬಾಳಿದ ನಾನು ಬಲ್ಲೆ. ಆದರೆ ಹಣ ಕೈಗೆ ಬರುವುದಕ್ಕೂ ಮೊದಲು ಆ ಮನೆಗಳಿಗೆ ಬೇಕಾಗುವ ನೆರವು ಇನ್ನೊಂದಿದೆ: ಯಾವ ಕಾಗದ, ಯಾವ ಕಚೇರಿ ಎಂದು ದಾರಿ ತೋರಿಸುವುದು. ಅದನ್ನು ಕೊಡುವವರು ನಮ್ಮ ಬಾಗಲಕೋಟೆಯಲ್ಲಿ ಇದ್ದಾರೆ, ಪೊಲೀಸರ ಕ್ಷೇಮಾಭಿವೃದ್ಧಿ ಸಂಘದ ನಿವೃತ್ತ ಪೊಲೀಸರು. ಅವರಿಗೆ ಕೂರಲು ಜಾಗವಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಹೆಡ್ ಕಾನ್‌ಸ್ಟೆಬಲ್ ಆಗಿದ್ದ ನಮ್ಮ ಯಜಮಾನರು ಬಾದಾಮಿಯ ಬನಶಂಕರಿ ಜಾತ್ರೆಯ ಬಂದೋಬಸ್ತ್ ಮುಗಿಸಿ ಮನೆಗೆ ಬಂದ ಮರುದಿನವೇ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರು ದಿನ ಕಳೆಯುವವರೆಗೆ ಮನೆಯಲ್ಲಿ ಬಂಧು-ಬಳಗ ತುಂಬಿತ್ತು. ಆಮೇಲೆ ನಾನು, ಇಬ್ಬರು ಮಕ್ಕಳು ಮತ್ತು ಅವರ ಟ್ರಂಕಿನಲ್ಲಿದ್ದ ಕಾಗದಗಳು ಮಾತ್ರ ಉಳಿದೆವು. ಕುಟುಂಬ ಪಿಂಚಣಿ, ಜಿ.ಪಿ.ಎಫ್. (ಭವಿಷ್ಯ ನಿಧಿ), ಕೆ.ಜಿ.ಐ.ಡಿ. (ಸರ್ಕಾರಿ ನೌಕರರ ವಿಮೆ) ಪಾಲಿಸಿ, ವಂಶವೃಕ್ಷ ಪ್ರಮಾಣ ಪತ್ರ ಇವುಗಳಲ್ಲಿ ಯಾವುದು ಮೊದಲು, ಯಾವುದಕ್ಕೆ ಯಾವ ಕಚೇರಿ ಎಂದು ಹೇಳುವವರಿರಲಿಲ್ಲ. ಒಂದು ಕಚೇರಿಯಲ್ಲಿ ನಾಳೆ ಬನ್ನಿ ಎಂದರು, ಇನ್ನೊಂದರಲ್ಲಿ ಸೇವಾ ಪುಸ್ತಕ ಇನ್ನೂ ಬಂದಿಲ್ಲ ಎಂದರು. ನಾಲ್ಕು ತಿಂಗಳು ಹೀಗೆ ಅಲೆದೆ.

ಅಂಥ ಒಂದು ಸಂಜೆ ಈ ಸಂಘದ ಇಬ್ಬರು ಹಿರಿಯರು, ನಮ್ಮ ಯಜಮಾನರ ಜೊತೆ ಹಿಂದೆ ಒಂದೇ ಠಾಣೆಯಲ್ಲಿದ್ದವರು, ಮನೆಗೆ ಬಂದರು. ಕಾಗದಗಳನ್ನೆಲ್ಲ ಹೊರಸಿನ ಮೇಲೆ ಹರಡಿ, ಒಂದೊಂದರ ಮೂಲೆಗೂ ಪೆನ್ಸಿಲ್ಲಿನಿಂದ ನಂಬರು ಹಾಕಿದರು. ‘ವೈನಿ, ಎಲ್ಲಾದ್ದೂ ಮೂರ ಮೂರ ಜೆರಾಕ್ಸ್ ಮಾಡಸ್ರಿ, ಅಸಲ ಕಾಗದ ಯಾರ ಕೈಯಾಗೂ ಕೊಡಬ್ಯಾಡ್ರಿ’ ಎಂದು ಎರಡೆರಡು ಸಲ ಹೇಳಿದರು. ಅನುಕಂಪದ ಆಧಾರದ ನೌಕರಿಗೆ, ನೌಕರ ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮವನ್ನು ನಾನು ಮೊದಲ ಸಲ ಕೇಳಿದ್ದು ಅವರ ಬಾಯಿಂದ. ಮಗನ ಅರ್ಜಿಯನ್ನು ತಾವೇ ಕುಳಿತು ತುಂಬಿಸಿದರು. ಇಂದು ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾನೆ. ಆ ಸಂಜೆ ಅವರು ಬಾರದೆ ಹೋಗಿದ್ದರೆ ಆ ಒಂದು ವರ್ಷ ನನಗೆ ಗೊತ್ತಿಲ್ಲದೆಯೇ ದಾಟಿಹೋಗುತ್ತಿತ್ತು.

ಪೊಲೀಸರ ಸಂಘ ಎಂದೊಡನೆ ಹಲವರಿಗೆ ಮುಷ್ಕರದ ನೆನಪಾಗುತ್ತದೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗ ಆದ ತಳಮಳವನ್ನು ಯಾರೂ ಮರೆತಿಲ್ಲ. ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯ ವರದಿ ಮತ್ತು ವೇತನ ಪರಿಷ್ಕರಣೆಯ ಮಾತು ಆ ಕಾಲದ್ದೇ. ಸಂವಿಧಾನದ 33ನೇ ವಿಧಿ ಮತ್ತು 1966ರ ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆ ಪೊಲೀಸರು ಕಾರ್ಮಿಕ ಸಂಘ ಕಟ್ಟುವುದಕ್ಕೆ ಮಿತಿ ಹಾಕಿವೆ. ಶಿಸ್ತಿನ ಪಡೆಗೆ ಆ ಮಿತಿ ಬೇಕೆಂದೇ ನಾನೂ ಒಪ್ಪುತ್ತೇನೆ. ಆದರೆ ಅದೇ ಕಾಯ್ದೆ, ಕೇವಲ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಸ್ವರೂಪದ ಸಂಘಗಳಿಗೆ ಪೊಲೀಸರು ಸೇರುವುದಕ್ಕೆ ಅಡ್ಡಿ ಮಾಡಿಲ್ಲ ಎಂಬುದನ್ನು ಅಧಿಕಾರಿಗಳೂ ಸಿಬ್ಬಂದಿಯೂ ಗಮನಿಸಬೇಕು. ಕೇರಳದಲ್ಲಂತೂ ಪೊಲೀಸರ ಸಂಘಕ್ಕೆ ಸರ್ಕಾರದ ಮಾನ್ಯತೆಯೇ ಇದೆ, ಪದಾಧಿಕಾರಿಗಳ ಚುನಾವಣೆಯೂ ನಡೆಯುತ್ತದೆ. ನಾನು ಅಷ್ಟು ದೂರದ್ದನ್ನು ಕೇಳುತ್ತಿಲ್ಲ.

ಇಂಥ ಸಂಘದಿಂದ ಊರಿಗೇನು ಲಾಭ ಎಂದು ಯಾರಾದರೂ ಕೇಳಿದರೆ 2019ರ ಆಗಸ್ಟ್ ತಿಂಗಳನ್ನು ನೆನಪಿಸಬೇಕಾಗುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೆ ಉಕ್ಕಿದಾಗ ನಾನು ಮುಧೋಳ ತಾಲ್ಲೂಕಿನ ತವರು ಮನೆಯಲ್ಲಿದ್ದೆ. ಮೊಳಕಾಲು ಮೀರಿದ ನೀರಿನಲ್ಲಿ ಪ್ಯಾಂಟು ಮಡಚಿಕೊಂಡ ಹುಡುಗ ಪ್ರಾಯದ ಕಾನ್‌ಸ್ಟೆಬಲ್ ಒಬ್ಬ ನಮ್ಮ ಓಣಿಯ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ಅಜ್ಜಿ ಜೋಳದ ಚೀಲ ಬಿಟ್ಟು ಬರಲೊಲ್ಲೆನೆಂದು ಹಟ ಹಿಡಿದಿದ್ದರಿಂದ ತಿರುಗಿ ಹೋಗಿ ಅದನ್ನೂ ತಂದ. ಅವನ ಸ್ವಂತ ಮನೆಯೂ ಹೊಳೆಯ ದಂಡೆಯ ಊರಲ್ಲೇ ಇತ್ತೆಂದು, ಮೂರು ದಿನದಿಂದ ತಾಯಿಯ ಫೋನು ಹತ್ತುತ್ತಿರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಅವನ ಕುಟುಂಬವನ್ನು ಗಂಜಿ ಕೇಂದ್ರದಲ್ಲಿ ಹುಡುಕಿ, ಸುದ್ದಿ ಮುಟ್ಟಿಸಿದವರು ಸಂಘದ ನಿವೃತ್ತರೇ. ಆ ಸುದ್ದಿ ಮುಟ್ಟಿದ ಮೇಲೂ ಅವನು ಇನ್ನೆರಡು ದಿನ ನಮ್ಮೂರಲ್ಲೇ ಕೆಲಸ ಮಾಡಿದ. ಪೊಲೀಸನ ಮನೆಯನ್ನು ಯಾರಾದರೂ ನೋಡಿಕೊಳ್ಳುತ್ತಿದ್ದರೆ ಅವನು ಊರನ್ನು ನೋಡಿಕೊಳ್ಳುತ್ತಾನೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಲೂ ಇದೇ ಹಿರಿಯರು ಶಾಲೆಗಳಿಗೆ ಹೋಗಿ ಸೈಬರ್ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ತಿಳಿಹೇಳುತ್ತಿದ್ದಾರೆ, ರಕ್ತದಾನ ಶಿಬಿರಗಳಲ್ಲಿ ಸಾಲಿನ ಮುಂದೆ ನಿಲ್ಲುತ್ತಿದ್ದಾರೆ.

ಇಷ್ಟೆಲ್ಲ ಕೆಲಸ ನಡೆಯುತ್ತಿರುವುದು ಚಹಾದ ಅಂಗಡಿಯ ಬೆಂಚಿನ ಮೇಲೆ ಮತ್ತು ಯಾರದೋ ಮನೆಯ ಪಡಸಾಲೆಯಲ್ಲಿ. ಆದ್ದರಿಂದ ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿ ತಾಲ್ಲೂಕಿನ ಪೊಲೀಸ್ ವಸತಿಗೃಹದ ಆವರಣದಲ್ಲಿ ಈ ಸಂಘಕ್ಕೆ ಒಂದು ಕೋಣೆ, ಒಂದು ಕಪಾಟು ಕೊಡಿಸಬೇಕು, ವಾರಕ್ಕೊಂದು ದಿನ ಜಿಲ್ಲಾ ಕಚೇರಿಯಿಂದ ಪಿಂಚಣಿ ವಿಷಯ ನೋಡುವ ಗುಮಾಸ್ತರೊಬ್ಬರನ್ನು ಅಲ್ಲಿಗೆ ಕಳುಹಿಸಬೇಕು, ಸೇವೆಯಲ್ಲಿರುವ ಸಿಬ್ಬಂದಿಯೂ ಕ್ಷೇಮಾಭಿವೃದ್ಧಿಯ ಕೆಲಸಕ್ಕೆ ನಿರ್ಭಯವಾಗಿ ಕೈಜೋಡಿಸಲು ಲಿಖಿತ ಒಪ್ಪಿಗೆ ನೀಡಬೇಕು. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದವರಲ್ಲಿ ಹೆಚ್ಚಿನವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟಿರುವುದರಿಂದ ಅವರ ಮನೆಯವರಿಗೆ ಬೇಕಾಗುವ ಕಾಗದಗಳೇ ಬೇರೆ. ಅದನ್ನು ತಿಳಿದ ತರುಣ ಸಿಬ್ಬಂದಿ ಹಿರಿಯರ ಜೊತೆ ಕೂಡದಿದ್ದರೆ ಮುಂದಿನ ಪೀಳಿಗೆಯ ಹೆಣ್ಣುಮಕ್ಕಳು ನನ್ನಂತೆಯೇ ಅಲೆಯಬೇಕಾಗುತ್ತದೆ.

ನವನಗರದಲ್ಲಿ ಅಂಥ ಕೋಣೆಯ ಬಾಗಿಲು ತೆರೆದರೆ, ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಕುಳಿತು ಅರ್ಜಿ ತುಂಬಿಕೊಡಲು ನಾನು ಸಿದ್ಧಳಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ